ಹಳೆಯ ಸಿಟ್‌ಕಾಮ್‌ನಿಂದ ಸಿನಿಮಾ: ಸ್ಕ್ರಿಪ್ಟ್ ಕಟ್ಟುವ ಬಗೆ

ಅರ್ಧ ಗಂಟೆಯ ಹಾಸ್ಯ ಧಾರಾವಾಹಿಯನ್ನು ತೊಂಬತ್ತು ನಿಮಿಷದ ಸಿನಿಮಾ ಮಾಡಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಮೂರೂವರೆ ಎಪಿಸೋಡನ್ನು ಒಂದಕ್ಕೊಂದು ಅಂಟಿಸಿಬಿಡುತ್ತಾರೆ. ಸಿಟ್‌ಕಾಮ್‌ನಲ್ಲಿ ಎಪಿಸೋಡ್ ಮುಗಿಯುವ ಹೊತ್ತಿಗೆ ಎಲ್ಲವೂ ಮೊದಲಿನಂತಾಗಬೇಕು, ಮುಂದಿನ ವಾರಕ್ಕೆ ಅದೇ ಮನೆ, ಅದೇ ಮಂದಿ ಬೇಕಲ್ಲ. ಸಿನಿಮಾದಲ್ಲಿ 25 ನಿಮಿಷಕ್ಕೊಮ್ಮೆ ಕಥೆ ಹೀಗೆ ಶುರುವಿನ ಜಾಗಕ್ಕೇ ಬಂದು ನಿಂತರೆ ಜನ ಮೊಬೈಲ್ ತೆಗೆಯುತ್ತಾರೆ.

ಈ ತೊಡಕನ್ನು ಚೆಂದವಾಗಿ ಬಿಡಿಸಿದ್ದು 1995ರ ‘ದಿ ಬ್ರೇಡಿ ಬಂಚ್ ಮೂವಿ’. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1969ರಿಂದ 1974ರವರೆಗೆ 117 ಎಪಿಸೋಡ್ ಬಂದ ಧಾರಾವಾಹಿ ಅದರ ಮೂಲ. ಮೂವರು ಗಂಡುಮಕ್ಕಳ ತಂದೆ, ಮೂವರು ಹೆಣ್ಣುಮಕ್ಕಳ ತಾಯಿ ಮದುವೆಯಾಗಿ, ಬ್ರೇಡಿ ಕುಟುಂಬವಾಗಿ ಒಂದೇ ಸೂರಿನಡಿ ಬಾಳುವ ಕಥೆ. ಜೊತೆಗೆ ಮನೆಗೆಲಸದ ಆಲಿಸ್. ಬೆಟ್ಟಿ ಥಾಮಸ್ ನಿರ್ದೇಶನದ ಈ ಸಿನಿಮಾವನ್ನು ಎರಡು ಸಲ ನೋಡಿ. ಮೊದಲ ಸಲ ನಗುತ್ತಾ, ಎರಡನೇ ಸಲ ಪೆನ್ನು ಹಿಡಿದು.

ಹಕ್ಕಿನ ಮಾತು ಮೊದಲೇ ಮುಗಿಯಲಿ. ಧಾರಾವಾಹಿಯ ಹೆಸರು, ಪಾತ್ರಗಳ ಹೆಸರು, ಟೈಟಲ್ ಹಾಡು ಇವು ಬೇರೆ ಬೇರೆಯವರ ಕೈಯಲ್ಲಿರಬಹುದು. ಮೂರನ್ನೂ ಹೆಸರಿಸಿ ಒಪ್ಪಂದ ಬರೆಸಿಕೊಳ್ಳಿ.

ಆಮೇಲೆ ಒಂದು ನೋಟ್‌ಬುಕ್. ಕನಿಷ್ಠ ಇಪ್ಪತ್ತು ಎಪಿಸೋಡ್ ನೋಡಿ, ಪ್ರತಿ ಪಾತ್ರಕ್ಕೆ ಒಂದು ಪುಟ ಇಟ್ಟು ಮೂರು ಸಂಗತಿ ಬರೆದುಕೊಳ್ಳಿ: ಪದೇ ಪದೇ ಆಡುವ ಮಾತು, ಪದೇ ಪದೇ ಮಾಡುವ ತಪ್ಪು, ಬೇರೆ ಯಾರ ಮೇಲೆ ಕಣ್ಣು. ಧಾರಾವಾಹಿ ನೋಡಿ ಬೆಳೆದ ಏಳೆಂಟು ಜನರನ್ನೂ ಕೇಳಿ, ಏನು ನೆನಪಿದೆ ಅಂತ. ಯೂಟ್ಯೂಬ್ ತೆರೆಯದೆ ಅವರ ಬಾಯಿಗೆ ಬಂದದ್ದೇ ನಿಮ್ಮ ಬಂಡವಾಳ. ಬ್ರೇಡಿಗಳ ವಿಷಯದಲ್ಲಿ ಅದು ಹಿರಿಯ ಮಗಳು ಮಾರ್ಷಾಳ ಮೂಗಿಗೆ ಬಡಿದ ಚೆಂಡು, ಅಕ್ಕನ ಮೇಲಿನ ಹೊಟ್ಟೆಕಿಚ್ಚಿಗೆ ಜ್ಯಾನ್ ಕೂಗುವ ‘ಮಾರ್ಷಾ, ಮಾರ್ಷಾ, ಮಾರ್ಷಾ!’. ಸಿನಿಮಾದವರು ಈ ಕೂಗನ್ನು ಬರೀ ನೆನಪಿಗೆಂದು ತುರುಕಲಿಲ್ಲ. ಜ್ಯಾನ್‌ಳ ತಲೆಯೊಳಗೆ ದನಿಗಳು ಮಾತಾಡತೊಡಗುತ್ತವೆ. ಒಂದು ಸಾಲಿನ ಹೊಟ್ಟೆಕಿಚ್ಚು ಸಿನಿಮಾ ಉದ್ದಕ್ಕೂ ಬೆಳೆಯುವ ಟ್ರ್ಯಾಕ್ ಆಗುತ್ತದೆ. ನೀವೂ ಇಂಥವು ಮೂರನ್ನು ಮಾತ್ರ ಆರಿಸಿ. ಹತ್ತು ಆರಿಸಿದರೆ ಯಾವುದೂ ಬೆಳೆಯುವುದಿಲ್ಲ.

ಈಗ ಮುಖ್ಯ ಕೆಲಸ. ಪಾತ್ರಗಳನ್ನು ತಿದ್ದಬೇಡಿ, ಅವರ ಸುತ್ತಲಿನ ಲೋಕವನ್ನು ಬದಲಾಯಿಸಿ. ಸಿನಿಮಾದ ಲಾಸ್ ಏಂಜಲೀಸ್ 1990ರ ದಶಕದ್ದು, ಬ್ರೇಡಿ ಮನೆಯೊಳಗೆ ಮಾತ್ರ ಇನ್ನೂ 1970ರ ದಶಕ. ಅದೇ ಬೆಲ್‌ಬಾಟಮ್, ಅದೇ ಸಜ್ಜನಿಕೆ, ಅಪ್ಪನ ಅದೇ ಉದ್ದುದ್ದ ಬುದ್ಧಿಮಾತು. ತಾವು ವಿಚಿತ್ರ ಎನ್ನುವುದು ಆ ಮನೆಯ ಒಬ್ಬರಿಗೂ ಗೊತ್ತಿಲ್ಲ. ನಗು ಹುಟ್ಟುವುದೇ ಅಲ್ಲಿ. ಸೀನ್ ಬರೆಯುವಾಗ ಕ್ರಮ ಹೀಗಿರಲಿ: ಮನೆಯವರು ಮಾತನ್ನು ಪೂರ್ತಿ ನಂಬಿಕೆಯಿಂದ ಆಡುತ್ತಾರೆ, ಕಟ್, ಪಕ್ಕದಲ್ಲಿ ನಿಂತ ಹೊರಗಿನವರ ಮುಖ, ಒಂದೆರಡು ಸೆಕೆಂಡು, ಕಟ್, ಮನೆಯವರ ಮುಂದಿನ ಮಾತು, ಏನೂ ಆಗಿಲ್ಲ ಎಂಬಂತೆ. ಮನೆಯವರಲ್ಲೊಬ್ಬರು ಕ್ಯಾಮೆರಾ ಕಡೆ ಕಣ್ಣು ಮಿಟುಕಿಸಿದರೂ ಇಡೀ ಕಟ್ಟಡ ಕುಸಿಯುತ್ತದೆ. ಹಳೆಯದನ್ನು ಗೇಲಿ ಮಾಡಿದ ಹಾಗಾಗಿ, ಅದನ್ನು ಪ್ರೀತಿಸಿದವರಿಗೆ ನೋವಾಗುತ್ತದೆ.

ಕಥೆಗೆ ಒಂದೇ ಗಡುವು ಬೇಕು, ಅದರಲ್ಲಿ ಅಂಕಿ ಇರಬೇಕು. ಬ್ರೇಡಿಗಳು 20,000 ಡಾಲರ್ ಆಸ್ತಿ ತೆರಿಗೆ ಬಾಕಿ ಕಟ್ಟದಿದ್ದರೆ ಮನೆ ಹೋಗುತ್ತದೆ; ಆ ಜಾಗದಲ್ಲಿ ಮಾಲ್ ಎಬ್ಬಿಸಲು ಪಕ್ಕದ ಮನೆಯ ಡಿಟ್‌ಮೇಯರ್ ಕಾದು ಕೂತಿದ್ದಾನೆ. ಮಕ್ಕಳು ಸೇರುವ ಪ್ರತಿಭಾ ಸ್ಪರ್ಧೆಯ ಬಹುಮಾನವೂ 20,000 ಡಾಲರ್. ಒನ್‌ಲೈನ್ ಆರ್ಡರ್ (ಸೀನಿಗೊಂದು ಸಾಲಿನಂತೆ ಕಥೆಯ ಪಟ್ಟಿ) ಬರೆದ ಮೇಲೆ ಪ್ರತಿ ಸೀನಿನ ಎದುರು ‘ಇದರಿಂದ ಗಡುವಿಗೆ ಏನಾಯಿತು?’ ಎಂದು ಬರೆದು ನೋಡಿ. ಉತ್ತರವಿಲ್ಲದ ಸೀನು ಎಷ್ಟೇ ನಗಿಸಿದರೂ ಹೊರಗಿಡಿ, ಇಲ್ಲವೇ ಉತ್ತರವಿರುವ ಸೀನಿನೊಳಗೆ ಸೇರಿಸಿ. ಸ್ಕ್ರಿಪ್ಟಿನ ಒಂದು ಪುಟಕ್ಕೆ ಒಂದು ನಿಮಿಷದ ಲೆಕ್ಕ ಹಿಡಿದರೆ 95 ಪುಟ ದಾಟಬಾರದು.

ಇನ್ನು ನಟರು. ನಮ್ಮ ‘ಸಿಲ್ಲಿ ಲಲ್ಲಿ’ಯನ್ನೇ ತೆಗೆದುಕೊಳ್ಳಿ: ಡಾಕ್ಟರ್ ವಿಠಲ್ ರಾವ್ ಎಂದರೆ ರವಿಶಂಕರ್ ಗೌಡರ ಮುಖವೇ ಕಣ್ಮುಂದೆ ಬರುತ್ತದೆ. ಮೂಲ ನಟರು ಪಾತ್ರದ ವಯಸ್ಸಿಗೆ ಇನ್ನೂ ಹೊಂದುತ್ತಿದ್ದರೆ ಅವರನ್ನೇ ಕರೆಯಿರಿ. 2010ರಲ್ಲಿ ಹಿಂದಿಯ ‘ಖಿಚಡಿ’ ಧಾರಾವಾಹಿ ಸಿನಿಮಾ ಆದಾಗ ಹಂಸಾ ಆಗಿ ಸುಪ್ರಿಯಾ ಪಾಠಕ್ ಅವರೇ ಬಂದರು. ಹೊಂದದಿದ್ದರೆ ಹೊಸಬರು ದನಿಯ ಏರಿಳಿತ, ನಿಲ್ಲುವ ಭಂಗಿಯನ್ನು ಹಿಡಿಯಲಿ. ಬ್ರೇಡಿ ಸಿನಿಮಾದ ಅಪ್ಪನ ಪಾತ್ರದಲ್ಲಿ ಗ್ಯಾರಿ ಕೋಲ್ ಮಾತಾಡುವ ಧಾಟಿ ಕೇಳಿದರೆ ಇದು ಗೊತ್ತಾಗುತ್ತದೆ. ಹಳಬರಿಗೆ ಚಿಕ್ಕ, ಬೇರೆಯದೇ ಪಾತ್ರ ಕೊಡಿ. ಧಾರಾವಾಹಿಯ ಅಮ್ಮ ಫ್ಲಾರೆನ್ಸ್ ಹೆಂಡರ್ಸನ್ ಸಿನಿಮಾದಲ್ಲಿ ಅಜ್ಜಿ. ಆಲಿಸ್ ಆಗಿದ್ದ ಆ್ಯನ್ ಬಿ. ಡೇವಿಸ್ ಟ್ರಕ್ ಡ್ರೈವರ್. ಅವರ ಗುರುತೇ ಸಿಗದ ಹುಡುಗನಿಗೂ ಆ ಸೀನು ಅರ್ಥವಾಗಬೇಕು.

ಎಡಿಟಿಂಗ್‌ನಲ್ಲಿ ಒಂದು ಎಚ್ಚರ. ಹಳೆಯ ಸಿಟ್‌ಕಾಮ್‌ಗಳಲ್ಲಿ ಪಂಚ್ ಆದಮೇಲೆ ರೆಕಾರ್ಡ್ ಮಾಡಿದ ನಗು ಬರುತ್ತಿತ್ತು, ಅದಕ್ಕೆಂದೇ ನಟರು ಕ್ಷಣ ಕಾಯುತ್ತಿದ್ದರು. ಆ ನಗು ತೆಗೆದು ಕಾಯುವಿಕೆಯನ್ನು ಮಾತ್ರ ಉಳಿಸಿಕೊಂಡರೆ ಸೀನು ಸತ್ತಂತೆ ಕಾಣುತ್ತದೆ. ಆ ಖಾಲಿ ಜಾಗವನ್ನು ಕತ್ತರಿಸಿ, ಅಥವಾ ಅಲ್ಲೇ ಹೊರಗಿನವರ ಮುಖ ಇಡಿ.

ರಫ್ ಕಟ್ (ಸೀನುಗಳನ್ನು ಕ್ರಮವಾಗಿ ಜೋಡಿಸಿದ ಕರಡು ಸಿನಿಮಾ) ಆದ ಕೂಡಲೇ ಎರಡು ಗುಂಪಿಗೆ ಬೇರೆ ಬೇರೆಯಾಗಿ ತೋರಿಸಿ: ಧಾರಾವಾಹಿ ನೋಡಿದ ಹತ್ತು ಜನ, ಹೆಸರೂ ಕೇಳದ ಹತ್ತು ಜನ. ಪರದೆ ಕಡೆ ನೋಡಬೇಡಿ, ಅವರ ಮುಖ ನೋಡುತ್ತಾ ನಕ್ಕ ಜಾಗದ ಟೈಮ್‌ಕೋಡ್, ಅಂದರೆ ಸಿನಿಮಾ ಶುರುವಾಗಿ ಎಷ್ಟನೇ ನಿಮಿಷ, ಸೆಕೆಂಡು ಎಂಬುದನ್ನು ಗುರುತು ಮಾಡಿಕೊಳ್ಳಿ. ಮೊದಲ ಗುಂಪು ಮಾತ್ರ ನಕ್ಕ ಜಾಗಗಳು ಸಾಲಾಗಿ ನಾಲ್ಕು ಬಂದರೆ ಅವುಗಳಲ್ಲಿ ಎರಡನ್ನು ತೆಗೆದು, ಎರಡನೇ ಗುಂಪಿಗೆ ಇನ್ನೊಮ್ಮೆ ತೋರಿಸಿ.