ಮಕ್ಕಳ ಕಲೋನಿಯಲ್ ಫ್ಯಾಮಿಲಿ ಪ್ರಾಜೆಕ್ಟ್ ಮಾಡ್ಸೋದು ಹೆಂಗೆ

ಅಮೆರಿಕದಲ್ಲಿ ಮಕ್ಕಳನ್ನ ಓದಿಸ್ತಿರೋರಿಗೆ ಈ ಪ್ರಾಜೆಕ್ಟ್ ಗೊತ್ತೇ ಇರುತ್ತೆ, ಬ್ರಿಟಿಷರ ವಿರುದ್ಧ ಅಲ್ಲಿ ನಡೆದ ಸ್ವಾತಂತ್ರ್ಯ ಯುದ್ಧದ ಕಾಲದ ಒಂದು ಕುಟುಂಬದ ಬಗ್ಗೆ ಬೋರ್ಡ್ ಮಾಡ್ಕೊಂಡು ಬಾ ಅಂತಾರೆ. ಎಲ್ರೂ ಕೆಂಪು ಕೋಟಿನ ಬ್ರಿಟಿಷ್ ಸೈನಿಕರು, ಫಿರಂಗಿ, ಕುದುರೆ ಮೇಲೆ ವಾಷಿಂಗ್ಟನ್ ಅಂಟಿಸ್ತಾರೆ. ಅದು ಬಿಡಿ, ಮನೆಯೊಳಗೆ ಏನೇನಿಲ್ದೆ ಪರದಾಡಿದ್ರು ಅದನ್ನ ತೋರ್ಸಿ.

ಮೊದ್ಲು ಒಂದೇ ಕುಟುಂಬ ಹಿಡ್ಕೊಳ್ಳಿ. ನನ್ನ ಕೇಳಿದ್ರೆ ಮ್ಯಾಸಚೂಸೆಟ್ಸ್‌ನ ಬ್ರೇನ್‌ಟ್ರೀಲಿದ್ದ ಆಡಮ್ಸ್ ಮನೆಯವರು, ಯಾಕಂದ್ರೆ ಗಂಡ ಜಾನ್ ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸು (ಅಲ್ಲಿನ ವಸಾಹತುಗಳ ಪ್ರತಿನಿಧಿಗಳ ಸಭೆ) ಅಂತ ಕೂತಿದ್ರೆ ಇಲ್ಲಿ ಅಬಿಗೇಲ್ ನಾಲ್ಕು ಮಕ್ಕಳು ಹೊಲ ಮನೆ ಎಲ್ಲಾ ಒಬ್ರೇ ನೋಡ್ಕೊಂಡು ಅದ್ರ ಮಧ್ಯ ಅವರಿಗೆ ಕಾಗದ ಬರೀತಿದ್ರು. ಇಬ್ಬರ ಕಾಗದಗಳು ಸಾವಿರದ ಮೇಲಿವೆ, ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಆನ್‌ಲೈನಲ್ಲಿ ಫ್ರೀಯಾಗಿ ಇಟ್ಟಿದೆ. ಎಲ್ಲಾ ಓದೋಕೆ ಹೋಗ್ಬೇಡಿ, 1775ರಿಂದ 1777ರವರೆಗಿಂದು ಸಾಕು.

ಬೋರ್ಡಿನ ಮಧ್ಯಕ್ಕೆ ಒಂದು ಸಾಲು ಗುಂಡುಸೂಜಿ ಚುಚ್ಚಿ. ತಮಾಷೆ ಅಲ್ಲ, ಆಗ ಹೆಂಗಸರ ಬಟ್ಟೆ ನಿಲ್ತಿದ್ದಿದ್ದೇ ಸೂಜಿ ಮೇಲೆ, ಸೂಜಿ ಬರ್ತಿದ್ದಿದ್ದು ಇಂಗ್ಲೆಂಡಿಂದ, ವ್ಯಾಪಾರ ನಿಂತ್ಮೇಲೆ ಎಲ್ಲೂ ಸಿಗ್ಲಿಲ್ಲ. ಏಳೂವರೆ ಶಿಲ್ಲಿಂಗಿನ ಸೂಜಿ ಇಪ್ಪತ್ತು ಆಗಿದೆ, ಅಷ್ಟು ಕೊಟ್ರೂ ಇಲ್ಲ, ಅಲ್ಲಿಂದ ಒಂದು ಕಟ್ಟು ಕಳ್ಸಿ ಅಂತ ಅಬಿಗೇಲ್ ಗಂಡನಿಗೆ 1775 ಜೂನ್ 16ಕ್ಕೆ ಬರೀತಾರೆ. ಮಾರನೇ ದಿನ ಬೋಸ್ಟನ್ ಪಕ್ಕ ಬ್ರಿಟಿಷರ ಜೊತೆ ಬಂಕರ್ ಹಿಲ್ ಕದನ, ಏಳು ವರ್ಷದ ಮಗ ಜಾನ್ ಕ್ವಿನ್ಸಿ (ಮುಂದೆ ಪ್ರೆಸಿಡೆಂಟ್ ಆದವನು) ಅಮ್ಮನ ಜೊತೆ ಗುಡ್ಡ ಹತ್ತಿ ಅದನ್ನ ನೋಡ್ತಾನೆ. ಸೂಜಿ ಪಕ್ಕ ಎರಡು ಬೆಲೆನೂ ಬರೆಸಿ, ಟೀಚರ್ ನಿಂತು ನೋಡ್ತಾರೆ.

ಸ್ಕಿಟ್ ಮಾಡೋದಾದ್ರೆ ಅಬಿಗೇಲ್ ಕಾಗದದಲ್ಲೇ ಬರೋ 1777ರ ಬೋಸ್ಟನ್ ಕಾಫಿ ಗಲಾಟೆ ಮಾಡ್ಸಿ. ಜಿಪುಣ ವ್ಯಾಪಾರಿಯೊಬ್ಬ ಕಾಫಿ ಬಚ್ಚಿಟ್ಕೊಂಡು ಒಂದು ಪೌಂಡ್ ತೂಕಕ್ಕೆ ಆರು ಶಿಲ್ಲಿಂಗಿಗಿಂತ ಕಮ್ಮಿ ಕೊಡಲ್ಲ ಅಂದ, ನೂರರಷ್ಟು ಹೆಂಗಸರು ಗಾಡಿ ತಗೊಂಡು ಹೋಗಿ ಅವನ ಕತ್ತುಪಟ್ಟಿ ಹಿಡಿದು ಕೀ ಕಿತ್ಕೊಂಡು ಕಾಫಿ ತುಂಬ್ಕೊಂಡು ಹೊರಟೇ ಹೋದ್ರು. ಗಂಡಸರ ಪಾತ್ರ ಸುಲಭ, ಸುಮ್ನೆ ಬಾಯಿ ಬಿಟ್ಕೊಂಡು ನಿಲ್ಲೋದು.

ಒಂದು ವಿಷ್ಯ ಮುಚ್ಚಿಡಬೇಡಿ. ಅಬಿಗೇಲ್ ಮನೇಲಿ ಗುಲಾಮರು ಇರ್ಲಿಲ್ಲ, ಆದ್ರೆ ಪಾದ್ರಿಯಾಗಿದ್ದ ಅವರಪ್ಪನ ಮನೇಲಿ ಇದ್ರು. ಸ್ವಾತಂತ್ರ್ಯದ ಮಾತು ಬಂದಾಗ ಅದಕ್ಕೂ ಬೋರ್ಡಲ್ಲಿ ಜಾಗ ಇರ್ಲಿ.

ತಿನ್ನೋಕೆ ಹೇಸ್ಟಿ ಪುಡಿಂಗ್, ಅಂದ್ರೆ ಆಗಿನ ಕಾಲದ ಮೆಕ್ಕೆಜೋಳದ ಗಂಜಿ, ಮಾಡಿ. ನಾಲ್ಕು ಕಪ್ ನೀರು ಕುದಿಸಿ ಅರ್ಧ ಸ್ಪೂನ್ ಉಪ್ಪು ಹಾಕಿ ಒಂದು ಕಪ್ ಮೆಕ್ಕೆಜೋಳದ ಹಿಟ್ಟು, ಅಂದ್ರೆ ಅಂಗಡೀಲಿ ಸಿಗೋ ಕಾರ್ನ್‌ಮೀಲು, ಸ್ವಲ್ಪ ಸ್ವಲ್ಪ ಉದುರಿಸ್ತಾ ಮುದ್ದೆ ತಿರುವೋ ಹಂಗೆ ಗಂಟಾಗ್ದೆ ತಿರುವಿ, ಸಣ್ಣ ಉರೀಲಿ ಅರ್ಧ ಗಂಟೆ. ಮೇಲೆ ಮೊಲಾಸಸ್ (ಕಾಕಂಬಿ). ಸ್ಕೂಲಿಗಾದ್ರೆ ರಾತ್ರಿನೇ ಟ್ರೇಗೆ ಸುರಿದಿಡಿ, ಬೆಳಗ್ಗೆ ಹೋಳು ಮಾಡಿ ಬೆಣ್ಣೇಲಿ ಹುರಿದು ಡಬ್ಬಿಗೆ ಹಾಕಿ, ಅಲರ್ಜಿ ಇರೋ ಮಕ್ಕಳಿದ್ದಾರಾ ಅಂತ ಟೀಚರ್‌ನ ಮೊದ್ಲೇ ಕೇಳ್ಕೊಳ್ಳಿ.