ಸೀರೆ ಅಂಗಡಿಯ ಮೇಲ್ ಕೊನೆಗೂ ಇನ್‌ಬಾಕ್ಸ್ ಸೇರಿತು

"ಏನಪಾ, ಪುಣೆಯವ್ರು ಮೇಲ್ ಬಂದಿಲ್ಲ ಅಂತಾರ, ಸೀರಿ ಕಳಿಸ್ಲೋ ಬ್ಯಾಡೋ?" ಇಳಕಲ್‌ನ ಸಾವ್ಕಾರ್ರ ಈ ಫೋನು ದಿನಕ್ಕೆ ಎರಡು ಸಲ ಬರುತ್ತಿತ್ತು. ಅವರ ಅಂಗಡಿಯ ಆರ್ಡರ್ ಫಾರ್ಮ್ ಮಾಡಿದ್ದು ನಾನೇ, ಬಾಗಲಕೋಟೆ ನವನಗರದ ರೂಮಿನಲ್ಲಿ ಕೂತು. ಆರ್ಡರ್ ಬಂದರೆ ಸಾವ್ಕಾರ್ರಿಗೊಂದು ಮೇಲ್, ಗಿರಾಕಿಗೊಂದು ರಸೀದಿ; ಕಳಿಸೋದು ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿಯ ಮೇಲ್ ಫಂಕ್ಷನ್, ಅಷ್ಟೇ. ಗೆಳೆಯರೆಲ್ಲ "ಅದರಿಂದ ಇನ್‌ಬಾಕ್ಸ್‌ಗೆ ಮೇಲ್ ಸೇರೋದು ಆಗೋ ಮಾತಲ್ಲ, ದುಡ್ಡು ಕೊಟ್ಟು ಮೇಲ್ ಸರ್ವೀಸ್ ತಗೋ" ಅಂದರು. ಅದು ತಿಂಗಳು ತಿಂಗಳು ಖರ್ಚು. ವರ್ಷದ ಹೋಸ್ಟಿಂಗ್‌ನ ಮೂರು ಸಾವಿರಕ್ಕೇ ಸಾವ್ಕಾರ್ರು ನನ್ನನ್ನು ನಾಲ್ಕು ಸಲ ಅಲೆದಾಡಿಸಿದ್ದರು, ಇದನ್ನು ಕೇಳೋದು ಹೇಗೆ?

ಮೊದಲ ತಪ್ಪು ನನ್ನದೇ. ಮೇಲ್‌ನ ಫ್ರಮ್‌ನಲ್ಲಿ, ಅಂದರೆ ಕಳಿಸಿದವರ ಜಾಗದಲ್ಲಿ, ಗಿರಾಕಿಯ ವಿಳಾಸ ಹಾಕಿದ್ದೆ, ಸಾವ್ಕಾರ್ರು ರಿಪ್ಲೈ ಒತ್ತಿದರೆ ನೇರ ಅವರಿಗೇ ಹೋಗಲಿ ಅಂತ. ಜಿಮೇಲ್ ವಿಳಾಸದ ಹೆಸರಲ್ಲಿ ಯಾವುದೋ ಸರ್ವರ್ ಮೇಲ್ ಕಳಿಸಿದರೆ ಯಾರು ನಂಬುತ್ತಾರೆ? ಫ್ರಮ್‌ಗೆ ಅಂಗಡಿಯ ಡೊಮೇನ್ ಹಾಕಿದೆ, ಗಿರಾಕಿಯನ್ನು ರಿಪ್ಲೈ-ಟುಗೆ (ಉತ್ತರ ಹೋಗುವ ವಿಳಾಸ) ತಳ್ಳಿದೆ. ಸಾವ್ಕಾರ್ರಿಗೆ ಮೇಲ್ ಬರತೊಡಗಿತು. ಗಿರಾಕಿಗೆ ಹೋಗುವ ರಸೀದಿ ಮಾತ್ರ ಸ್ಪ್ಯಾಮ್‌ನಲ್ಲೇ.

ಯಾಕೆಂದರೆ ರಿಟರ್ನ್-ಪಾತ್‌ನಲ್ಲಿ, ಅಂದರೆ ತಲುಪದ ಮೇಲ್ ವಾಪಸ್ ಬರುವ ವಿಳಾಸದಲ್ಲಿ, ಇನ್ನೂ ಹೋಸ್ಟಿಂಗ್ ಮಷಿನ್‌ನ ಹೆಸರಿತ್ತು. ಎಸ್‌ಪಿಎಫ್ (ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿಯ ಪರೀಕ್ಷೆ) ನೋಡೋದು ಅದನ್ನು, ಫ್ರಮ್ ಅನ್ನಲ್ಲ. ಮೇಲ್ ಫಂಕ್ಷನ್‌ನ ಐದನೇ ಪ್ಯಾರಾಮೀಟರ್‌ನಲ್ಲಿ ಮೈನಸ್ ಎಫ್ (-f) ಹಚ್ಚಿ ಅಂಗಡಿಯ ವಿಳಾಸ ಕೊಡಬೇಕು ಅಂತ ಹೊಳೆಯಲು ಎರಡು ವಾರ ಹೋಯಿತು. ಆಮೇಲೂ ಫೇಲ್! ನೋಡಿದರೆ ಡೊಮೇನ್‌ನ ವಿವರ ಇಡುವ ಡಿಎನ್‌ಎಸ್‌ನಲ್ಲಿ ಎರಡು ಎಸ್‌ಪಿಎಫ್ ಸಾಲು, ಹಳೆಯದೊಂದು, ನಾನು ಸೇರಿಸಿದ್ದೊಂದು. ಎರಡಿದ್ದರೆ ಎರರ್, ಒಂದೂ ಲೆಕ್ಕಕ್ಕಿಲ್ಲ. ಎರಡನ್ನೂ ಒಂದೇ ಸಾಲಿಗೆ ಸೇರಿಸಿದೆ. ಮೇಲ್‌ಗೆ ಡೊಮೇನ್‌ನ ಡಿಜಿಟಲ್ ಸಹಿ ಹಾಕುವ ಡಿಕಿಮ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಬಟನ್, ಅದರದೇನೂ ಕಥೆಯಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ದೀಪಾವಳಿಗೆ ನಾಲ್ಕು ದಿನ ಇದ್ದಾಗ. ಗಿರಾಕಿಯ ಹೆಸರನ್ನೂ ಹಾಗೇ ರಿಪ್ಲೈ-ಟುಗೆ ಸೇರಿಸುತ್ತಿದ್ದೆ. ಯಾರೋ ಹೆಸರಿನ ಜಾಗದಲ್ಲಿ ಹೊಸ ಸಾಲು ತುರುಕಿ, ಅದರ ಕೆಳಗೆ ಬಿಸಿಸಿ (ಗುಟ್ಟಾಗಿ ಪ್ರತಿ ಹೋಗುವವರು) ಅಂತ ವಿಳಾಸಗಳ ಸಾಲು ಹಾಕಿ, ರಾತ್ರೋರಾತ್ರಿ ಸಾವಿರಾರು ಮೇಲ್ ಕಳಿಸಿದ್ದರು. ಬೆಳಗ್ಗೆ ಹೋಸ್ಟಿಂಗ್ ಅಕೌಂಟ್ ಬಂದ್. ಹನ್ನೆರಡೋ ಹದಿಮೂರೋ ಆರ್ಡರ್ ಹೋದವು, ಹತ್ತಿರ ಹತ್ತಿರ ಇಪ್ಪತ್ತೈದು ಸಾವಿರದ ಮಾಲು. ನನ್ನ ನಾಲ್ಕು ಸಾವಿರ ಫೀಸನ್ನು ನಾನು ಕೇಳಲೂ ಇಲ್ಲ. ಈಗ ಹೊಸ ಸಾಲು ಕಂಡರೆ ಫಾರ್ಮನ್ನೇ ತಿರಸ್ಕರಿಸುತ್ತೇನೆ. ಪಿಎಚ್‌ಪಿ 7.2ರಿಂದ ಹೆಡರ್‌ಗಳನ್ನು (ಫ್ರಮ್, ರಿಪ್ಲೈ-ಟು ತರಹದ ಸಾಲು) ಅರೇ, ಅಂದರೆ ಬಿಡಿಬಿಡಿ ಪಟ್ಟಿ, ಮಾಡಿಯೂ ಕೊಡಬಹುದು, ಆಗ ಪಿಎಚ್‌ಪಿಯೇ ಇದನ್ನು ತಡೆಯುತ್ತದೆ. ಬಾಟ್‌ಗಳಿಗೆ ಇನ್ನೊಂದು ಬಲೆ ಹಾಕಿದ್ದೇನೆ, ಅದನ್ನು ಮಾತ್ರ ಹೇಳಲ್ಲ.

ನಡುವೆ ಸುಮ್ನೆ ಒಂದು ಹುಚ್ಚು ಹತ್ತಿತು. ಸಬ್ಜೆಕ್ಟ್ ಕನ್ನಡದಲ್ಲೇ ಇರಲಿ, "ನಿಮ್ಮ ಟೋಪ್ ತೆನಿ ಸೆರಗಿನ ಸೀರೆ ಹೊರಟಿದೆ" ಅಂತ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ನಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್, ಒತ್ತು ಕೊಂಬು ಎಲ್ಲ ಬೇರೆ ಲೆಕ್ಕ, "ತ್ತಿ" ಒಂದೇ ಹನ್ನೆರಡು ಬೈಟ್ ತಿನ್ನುತ್ತದೆ. ಸಬ್ಜೆಕ್ಟ್‌ಗಾಗಿ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿ ಎನ್‌ಕೋಡ್ ಮಾಡಿದ ಒಂದು ತುಂಡು 75 ಅಕ್ಷರ ಮೀರಬಾರದು, ಅಂದರೆ ಬೇಸ್‌64 ಎಂಬ ವಿಧಾನದಲ್ಲಿ ತುಂಡಿಗೆ ಬರೀ 15 ಕನ್ನಡ ಚಿಹ್ನೆ. ನಾನು ಬೈಟ್ ಎಣಿಸಿ ಕತ್ತರಿಸಿದೆ, ಅಕ್ಷರದ ಹೊಟ್ಟೆಗೇ ಕತ್ತರಿ ಬಿದ್ದು ಸೀರೆಯ ಜಾಗದಲ್ಲಿ ಪ್ರಶ್ನೆಚಿಹ್ನೆ ಬಂತು. ಕೊನೆಗೆ ಪಿಎಚ್‌ಪಿಯ ಎಂಬಿ ಎನ್‌ಕೋಡ್ ಮೈಮ್ ಹೆಡರ್ (mb_encode_mimeheader) ಫಂಕ್ಷನ್‌ಗೇ ಒಪ್ಪಿಸಿದೆ.

ಈಗ ಜಿಮೇಲ್‌ನಲ್ಲಿ ಶೋ ಒರಿಜಿನಲ್ ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಆ ಎರಡರಲ್ಲೊಂದಾದರೂ ಫ್ರಮ್‌ನ ಡೊಮೇನ್‌ಗೆ ಹೊಂದುತ್ತದಾ ಎಂಬ ಪರೀಕ್ಷೆ) ಮೂರೂ ಪಾಸ್. ಎರಡು ತಿಂಗಳಲ್ಲಿ ಸುಮಾರು ಮುನ್ನೂರು ಮೇಲ್ ಹೋಗಿವೆ, ಬಂದಿಲ್ಲ ಅಂದವರು ಇಬ್ಬರೋ ಮೂವರೋ, ಅವರಲ್ಲೊಬ್ಬರು ತಮ್ಮ ವಿಳಾಸವನ್ನೇ ತಪ್ಪು ಬರೆದಿದ್ದರು. ಸಾವ್ಕಾರ್ರು ಫೀಸು ಕೊಟ್ಟರು, ಐನೂರು ಹಿಡಿದುಕೊಂಡು.