ಏಳು ಸಾವಿರದ ಮಾನಿಟರ್‌ನಲ್ಲಿ ವಿಆರ್‌ಆರ್: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನ ನನ್ನ ಗೇಮಿಂಗ್ ಅಂಗಡಿಯಲ್ಲಿ ಈಗ ನಾಲ್ಕು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಗೇಮಿಂಗ್ ಕನ್ಸೋಲ್‌ಗಳು ಎಚ್‌ಡಿಎಂಐ 2.0 ಕಾಲದ ಹಳೆಯ ಮಾನಿಟರ್‌ಗಳ ಮೇಲೆ ವಿಆರ್‌ಆರ್ ಸಮೇತ ಓಡುತ್ತಿವೆ. ವಿಆರ್‌ಆರ್ ಎಂದರೆ ಆಟ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಕೊಡುತ್ತದೋ ಅದಕ್ಕೆ ತಕ್ಕಂತೆ ಪರದೆಯೂ ತನ್ನ ವೇಗವನ್ನು (ಹರ್ಟ್ಸ್) ಬದಲಿಸಿಕೊಳ್ಳುವ ಸೌಲಭ್ಯ. ಚಿತ್ರ ಅಡ್ಡಕ್ಕೆ ಸೀಳುವುದಿಲ್ಲ, ತಿರುವಿನಲ್ಲಿ ಮುಗ್ಗರಿಸುವುದಿಲ್ಲ. ಇದು ಆಗದ ಮಾತು ಎಂದು ದೇವರಾಜ ಅರಸು ರಸ್ತೆಯ ಅಂಗಡಿಯವರಿಂದ ಹಿಡಿದು ಮಂಡ್ಯದಲ್ಲಿ ಇದೇ ಕಸುಬು ಮಾಡುವ ಗೆಳೆಯನವರೆಗೆ ಎಲ್ಲರೂ ಹೇಳಿದ್ದರು. "ಎಚ್‌ಡಿಎಂಐ 2.1ರ ಹೊಸ ಪೋರ್ಟ್ ಇಲ್ಲದೆ ವಿಆರ್‌ಆರ್ ಎಲ್ಲಿಂದ ಬರಬೇಕು ಸ್ವಾಮಿ?" ಎಂದು ನಕ್ಕವರೂ ಇದ್ದಾರೆ. ಗೆಳೆಯ ಒಂದೊಂದಕ್ಕೆ ಅರವತ್ತು ಸಾವಿರದ ಮೇಲೆ ಸುರಿದು ಟಿವಿಗಳನ್ನು ತಂದ. ನನಗೆ ಒಂದು ಮಾನಿಟರ್‌ಗೆ ಬಿದ್ದದ್ದು ಏಳು ಸಾವಿರದ ಆಸುಪಾಸು, ಅದೂ ಕೈ ಬದಲಿಸಿದ ಮಾಲು. ಕಳೆದ ದಸರಾ ರಜೆಯಲ್ಲಿ ಅವನೇ ಬಂದು ಕುಳಿತು ಆಡಿದ. ಹೊಗಳಲಿಲ್ಲ, ಆದರೆ ಹೋಗುವ ಮೊದಲು ಮಾನಿಟರ್‌ನ ಬೆನ್ನಿನಲ್ಲಿದ್ದ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಂಡ.

ಗೊಂದಲಕ್ಕೆ ಕಾರಣ ಇಷ್ಟೇ. ಎಚ್‌ಡಿಎಂಐ 2.1ರ ವಿಆರ್‌ಆರ್ ಒಂದು ದಾರಿ, ಚಿಪ್ ತಯಾರಕ ಎಎಂಡಿಯ ಫ್ರೀಸಿಂಕ್ ಇನ್ನೊಂದು ದಾರಿ; ಇದು ಹಳೆಯ ಎಚ್‌ಡಿಎಂಐಯಲ್ಲೂ ನಡೆಯುತ್ತದೆ. ಮೈಕ್ರೋಸಾಫ್ಟ್ 2018ರಲ್ಲೇ ಎಕ್ಸ್‌ಬಾಕ್ಸ್ ಒನ್ ಎಸ್ ಮತ್ತು ಒನ್ ಎಕ್ಸ್‌ಗೆ ಫ್ರೀಸಿಂಕ್ ಕೊಟ್ಟಿತ್ತು. ಸೀರೀಸ್ ಎಸ್ ಮತ್ತು ಎಕ್ಸ್ ಎರಡು ದಾರಿಯನ್ನೂ ಬಲ್ಲವು. ಸೋನಿಯ ಪಿಎಸ್5 ಕನ್ಸೋಲ್‌ಗೆ ವಿಆರ್‌ಆರ್ ಬಂದದ್ದೇ 2022ರ ಏಪ್ರಿಲ್‌ನಲ್ಲಿ, ಅದೂ ಎಚ್‌ಡಿಎಂಐ 2.1ರದ್ದು ಮಾತ್ರ. ಹಾಗಾಗಿ ಒಂದೇ ಮಾನಿಟರ್ ಎಕ್ಸ್‌ಬಾಕ್ಸ್‌ಗೆ ಸರಿಹೊಂದಿ ಪಿಎಸ್5ಗೆ ಒಗ್ಗದೇ ಹೋಗುತ್ತದೆ. ಡಬ್ಬಿಯ ಮೇಲಿನ 2.1 ಎಂಬ ಚೀಟಿಯನ್ನೂ ನಾನು ನಂಬುವುದಿಲ್ಲ. 2.1ರ ಹೊಸ ಸೌಲಭ್ಯಗಳೆಲ್ಲ ತಯಾರಕರ ಇಷ್ಟಕ್ಕೆ ಬಿಟ್ಟವು; 120 ಹರ್ಟ್ಸ್ ಇಲ್ಲದೆಯೂ 2.1 ಎಂದು ಬರೆದುಕೊಳ್ಳಬಹುದು.

ದುಡ್ಡು ಎಲ್ಲೆಲ್ಲಿ ಹೋಯಿತು ಎಂದು ಹೇಳಿಬಿಡುತ್ತೇನೆ. ಎನ್‌ವಿಡಿಯಾದ ಜಿ-ಸಿಂಕ್ ಮಾಡ್ಯೂಲ್ (ವಿಆರ್‌ಆರ್‌ಗೆಂದೇ ಇರುವ ಚಿಪ್) ಇದ್ದ ಒಂದು ಒಳ್ಳೆಯ ಮಾನಿಟರ್ ಸುಮಾರು ಒಂಬತ್ತು ಸಾವಿರಕ್ಕೆ ಬಂತು. ಆ ಹಳೆಯ ಮಾಡ್ಯೂಲ್‌ಗಳ ಕೆಲಸವೆಲ್ಲ ಕಂಪ್ಯೂಟರ್‌ಗಳಲ್ಲಿರುವ ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ಪೋರ್ಟ್‌ನಲ್ಲಿ. ಕನ್ಸೋಲ್‌ಗಳಲ್ಲಿ ಡಿಸ್‌ಪ್ಲೇಪೋರ್ಟೇ ಇಲ್ಲ. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟ್‌ಗೆ ತಿರುಗಿಸುವ ಪರಿವರ್ತಕವೊಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ. ಚಿತ್ರ ಬಂತು, ವಿಆರ್‌ಆರ್ ಮಾತ್ರ ದಾರಿಯಲ್ಲೇ ಕಳೆದುಹೋಯಿತು. ಎರಡೂ ಸೇರಿ ನಾಲ್ಕು ಸಾವಿರದಷ್ಟು ನಷ್ಟಕ್ಕೆ ಮಾರಿದೆ. ಫ್ರೀಸಿಂಕ್ ಎಂದು ಬರೆದಿದ್ದರೂ ಅದು ಡಿಸ್‌ಪ್ಲೇಪೋರ್ಟ್‌ಗೆ ಮಾತ್ರ ಸೀಮಿತವಾದ ಮಾನಿಟರ್‌ಗಳೂ ಇವೆ. ಅಂಥದ್ದೊಂದು ಈಗ ನನ್ನ ಬಿಲ್ಲಿಂಗ್ ಮೇಜಿನ ಮೇಲಿದೆ. ಎರಡು ಕನ್ಸೋಲ್‌ಗಳನ್ನು ಒಂದೇ ಪರದೆಗೆ ಜೋಡಿಸಲು ತಂದ ಎಚ್‌ಡಿಎಂಐ ಸ್ವಿಚ್ ಕೂಡ ವಿಆರ್‌ಆರ್ ಅನ್ನು ನುಂಗಿತು. ಗೋಡೆಯೊಳಗೆ ಎಳೆಸಿದ್ದ ಹತ್ತು ಮೀಟರ್ ಕೇಬಲ್ 60 ಹರ್ಟ್ಸ್‌ನಲ್ಲಿ ಗಟ್ಟಿಯಾಗಿ ನಿಂತು, 120ಕ್ಕೆ ಏರಿಸಿದೊಡನೆ ಪರದೆಯನ್ನು ಕಪ್ಪು ಮಾಡುತ್ತಿತ್ತು. ಈಗ ಎಲ್ಲ ಕಡೆ ಎರಡು ಮೀಟರ್ ಕೇಬಲ್, ಕನ್ಸೋಲ್ ಮೇಜಿನ ಕೆಳಗೇ.

ಕೊಳ್ಳುವಾಗ ನಾನು ನೋಡುವುದು ಗಾತ್ರವನ್ನಲ್ಲ, ವಿಆರ್‌ಆರ್‌ನ ಕೆಳಮಿತಿ ಮತ್ತು ಮೇಲ್ಮಿತಿಯನ್ನು. 48ರಿಂದ 75 ಹರ್ಟ್ಸ್ ಇರುವ ಮಾನಿಟರ್ ಎರಡು ಸಾವಿರ ಕಡಿಮೆಗೆ ಸಿಗುತ್ತದೆ, ಆದರೆ ಫ್ರೇಮ್ 48ಕ್ಕಿಂತ ಇಳಿದರೆ ಅದರ ಆಟ ಮುಗಿಯಿತು. ಮೇಲ್ಮಿತಿ ಕೆಳಮಿತಿಯ ಎರಡು ಪಟ್ಟು ದಾಟಿದ್ದರೆ ಎಕ್ಸ್‌ಬಾಕ್ಸ್ ಅದೇ ಫ್ರೇಮನ್ನು ಎರಡು ಸಲ ಕಳಿಸಿ ಕಾಪಾಡುತ್ತದೆ. ಪರೀಕ್ಷೆ ಸುಲಭ: ಮಾನಿಟರ್‌ನ ಮೆನುವಿನಲ್ಲಿ ಸದ್ಯದ ಹರ್ಟ್ಸ್ ತೋರಿಸುವ ಸಾಲನ್ನು ತೆರೆದಿಟ್ಟು ಭಾರದ ಆಟವೊಂದನ್ನು ಓಡಿಸಿ. ಅಂಕಿ ಕುಣಿಯದೆ ನಿಂತಿದ್ದರೆ ವಿಆರ್‌ಆರ್ ಇಲ್ಲ. ಆಟ 40 ಫ್ರೇಮ್‌ಗೆ ಕುಸಿದಾಗ ಅಲ್ಲಿ 80 ಕಂಡರೆ ಕಣ್ಣು ಮುಚ್ಚಿ ಕೊಂಡುಬಿಡಿ. ಕನ್ಸೋಲ್‌ನಲ್ಲಿ ಮೊದಲು 120 ಹರ್ಟ್ಸ್ ಆರಿಸಿರಬೇಕು. 60ರಲ್ಲೇ ಬಿಟ್ಟರೆ ದುಪ್ಪಟ್ಟಾಗಲು ಮೇಲೆ ಜಾಗವೇ ಇರುವುದಿಲ್ಲ.

ಮಾರುವವರ ಮನೆಗೆ ಕನ್ಸೋಲ್ ಹೊತ್ತುಕೊಂಡು ಹೋಗದೆಯೇ ಈ ಮಿತಿಗಳನ್ನು ತಿಳಿಯುವ ಒಂದು ಉಪಾಯ ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ಮಾನಿಟರ್ ಕೊಳ್ಳುವುದಿದೆ, ಊರು ಚಿಕ್ಕದು.

ವಿಎ ಎಂಬ ಬಗೆಯ ಎಲ್‌ಸಿಡಿ ಪರದೆ ಇರುವವರಿಗೆ ಒಂದು ಮಾತು. ಕತ್ತಲೆಯ ದೃಶ್ಯಗಳಲ್ಲಿ ಅದು ಮಿಣುಕುತ್ತದೆ, ಕೆಳಮಿತಿಯ ಬಳಿ ಫ್ರೇಮ್ ಏರಿಳಿದಾಗ ಇನ್ನೂ ಹೆಚ್ಚು. ಒಎಲ್‌ಇಡಿಯಲ್ಲೂ ಈ ಕಾಟ ಇದೆ, ಲಕ್ಷ ಕೊಟ್ಟವರೂ ಗೊಣಗುತ್ತಾರೆ. ನಾನು ಐಪಿಎಸ್ ಎಂಬ ಇನ್ನೊಂದು ಬಗೆಯ ಎಲ್‌ಸಿಡಿಗೆ ಅಂಟಿಕೊಂಡೆ. ಕಪ್ಪು ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿದರೂ ಟ್ಯೂಬ್‌ಲೈಟ್ ಉರಿಯುವ ಅಂಗಡಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ನಡುವೆ ಕುತೂಹಲಕ್ಕೆ ಒಂದು ಕಿತಾಪತಿ ಮಾಡಿದೆ. ಎರಡು ಮೇಜುಗಳಲ್ಲಿ ಯಾರಿಗೂ ಹೇಳದೆ ವಿಆರ್‌ಆರ್ ಆಫ್ ಮಾಡಿಟ್ಟೆ. ಕಾರ್ ರೇಸ್ ಆಡುವ ಕಾಲೇಜು ಹುಡುಗರು ಅರ್ಧ ಗಂಟೆಯೊಳಗೆ "ಅಣ್ಣಾ, ಇದೇಕೋ ಸೀಳುತ್ತಿದೆ" ಎಂದು ಬಂದರು. ಕ್ರಿಕೆಟ್ ಆಡುವವರು ವಾರವಾದರೂ ಒಂದು ಮಾತಾಡಲಿಲ್ಲ. 60 ಫ್ರೇಮ್ ಬಿಗಿಯಾಗಿ ಹಿಡಿದುಕೊಳ್ಳುವ ಆಟಕ್ಕೆ ವಿಆರ್‌ಆರ್‌ನಿಂದ ಆಗಬೇಕಾದ್ದೇನೂ ಇಲ್ಲ. ಅಂದಿನಿಂದ ಕ್ರಿಕೆಟ್ ಗಿರಾಕಿಗಳನ್ನು ಅಗ್ಗದ 75 ಹರ್ಟ್ಸ್ ಮೇಜಿಗೆ ಕಳಿಸುತ್ತೇನೆ; ಗಂಟೆಗೆ ಹತ್ತು ರೂಪಾಯಿ ಕಡಿಮೆ ಎಂದರೆ ಅವರೂ ಖುಷಿ.

ಪಿಎಸ್5ಗೆ ಮಾತ್ರ ನಾನೂ ಟಿವಿ ತರಲೇಬೇಕಾಯಿತು, ಅರವತ್ತೆರಡೋ ಅರವತ್ಮೂರೋ ಸಾವಿರ. ನಾಲ್ಕು ಪೋರ್ಟ್‌ಗಳಲ್ಲಿ 120 ಹರ್ಟ್ಸ್ ಬಲ್ಲವು ಎರಡೇ. ಅವುಗಳಲ್ಲಿ ಒಂದು ಟಿವಿಯ ಸದ್ದನ್ನು ಹೊರಗೆ ಕಳಿಸುವ ಇಎಆರ್‌ಸಿ, ಅದನ್ನು ಸೌಂಡ್‌ಬಾರ್ ಹಿಡಿಯಿತು. ಪೋರ್ಟ್‌ನ ಮೆನುವಿನಲ್ಲಿ ಹೆಚ್ಚಿನ ಸಿಗ್ನಲ್‌ನ ಆಯ್ಕೆಯನ್ನು ಚಾಲೂ ಮಾಡುವವರೆಗೆ ಕನ್ಸೋಲ್‌ಗೆ ವಿಆರ್‌ಆರ್ ಕಾಣುವುದೇ ಇಲ್ಲ. ಅಂಗಡಿಯಿಂದ ಬಂದ ಹುಡುಗನಿಗೆ ಅದನ್ನು ನಾನೇ ತೋರಿಸಿಕೊಟ್ಟೆ. ಪಿಎಸ್5ರ ಮಿತಿ 48ರಿಂದ 120. ಎಕ್ಸ್‌ಬಾಕ್ಸ್‌ನಂತೆ ಫ್ರೇಮನ್ನು ದುಪ್ಪಟ್ಟು ಮಾಡುವ ಕೆಲಸವನ್ನು ಕನ್ಸೋಲ್ ತಾನಾಗಿ ಮಾಡುವುದಿಲ್ಲ, ಮಾಡಿದರೆ ಆಟವೇ ಮಾಡಬೇಕು. 40 ಫ್ರೇಮ್‌ನ ಆಯ್ಕೆ ಇರುವ ಆಟಗಳಲ್ಲಿ ನಾನು ಅದನ್ನೇ ಹಾಕಿಡುತ್ತೇನೆ. 120ನ್ನು ಮೂರರಿಂದ ಭಾಗಿಸಿದರೆ ಸರಿಯಾಗಿ 40, ಪ್ರತಿ ಫ್ರೇಮ್‌ಗೆ 25 ಮಿಲಿಸೆಕೆಂಡ್. ಸಮಯದ ಲೆಕ್ಕದಲ್ಲಿ ಅದು 30ಕ್ಕೂ 60ಕ್ಕೂ ನಟ್ಟನಡುವೆ ಬೀಳುತ್ತದೆ. ಅದಕ್ಕೆ ವಿಆರ್‌ಆರ್‌ನ ಹಂಗೂ ಇಲ್ಲ.

ಈಗ ಹುಡುಗರು ನಿಂಟೆಂಡೊ ಸ್ವಿಚ್ 2 ತರಿಸಿ ಎಂದು ಪೀಡಿಸುತ್ತಿದ್ದಾರೆ. 2025ರ ಜೂನ್‌ನಲ್ಲಿ ಬಿಡುಗಡೆಯಾದಾಗ ಅದರ ವಿಆರ್‌ಆರ್ ಕೈಯಲ್ಲಿ ಹಿಡಿದು ಆಡುವ ಅದರದೇ ಪರದೆಗೆ ಮಾತ್ರ ಇತ್ತು, ಡಾಕ್‌ಗೆ ಇಟ್ಟು ಟಿವಿಗೆ ಜೋಡಿಸಿದರೆ ಇರಲಿಲ್ಲ. ತಂದರೂ ಅದಕ್ಕೆಂದು ಹೊಸ ಪರದೆ ಕೊಳ್ಳುವುದಿಲ್ಲ, ಬಿಲ್ಲಿಂಗ್ ಮೇಜಿನ ಮೇಲಿರುವ ಆ ಮಾನಿಟರ್ ಸಾಕು.